ಇವರ ಪ್ರೇಮಕಥೆ ತೆರೆಗೆ ಬರುವುದು ಯಾವಾಗ?

ಎಂಡೋಸಲ್ಫಾನ್ ಅಂದರೆ ತೆರೆಯ ಮೇಲೆ ಏನು ಕಾಣುತ್ತದೆ? ಚಾಪೆಯಲ್ಲಿ ಮಲಗಿದ ಮಗು, ಪಕ್ಕದಲ್ಲಿ ಕಣ್ಣೊರೆಸುವ ಅಮ್ಮ.

ಕಾಸರಗೋಡಿನ ಗೇರುತೋಟಗಳ ಮೇಲೆ ಹೆಲಿಕಾಪ್ಟರ್ ಈ ಕೀಟನಾಶಕ ವಿಷ ಸುರಿದದ್ದು 2000ದವರೆಗೆ, ಎರಡು ದಶಕಕ್ಕೂ ಹೆಚ್ಚು. ಡಾ. ಬಿಜು ಅವರ ಮಲಯಾಳಂ ಚಿತ್ರ ‘ವಲಿಯ ಚಿರಕುಳ್ಳ ಪಕ್ಷಿಕಳ್’ 2015ರಲ್ಲಿ ಆ ನೋವನ್ನು ತೋರಿಸಿತು; ರಾಷ್ಟ್ರಪ್ರಶಸ್ತಿಯೂ ಬಂತು. ಬೇಕೇ ಬೇಕಾಗಿದ್ದ ಚಿತ್ರ. ಆದರೆ ಅಲ್ಲಿನ ಎಣ್ಮಕಜೆಯ ಪಡ್ರೆ, ಸ್ವರ್ಗ ಎಂಬ ಊರುಗಳಲ್ಲಿ ಈ ವಿಷದಿಂದ ಅಂಗವಿಕಲರಾದ ಮಕ್ಕಳಲ್ಲಿ ಬದುಕುಳಿದವರು ಈಗ ಮಕ್ಕಳಲ್ಲ. ಅವರಿಗೂ ಯಾರೋ ಇಷ್ಟವಾಗಿರಬಹುದಲ್ಲ?

2014ರ ಮಲಯಾಳಂ ಚಿತ್ರ ‘ಬೆಂಗಳೂರ್ ಡೇಸ್’ ನೆನಪಿಸಿಕೊಳ್ಳಿ. ಅಂಜಲಿ ಮೆನನ್ ನಿರ್ದೇಶನ. ಪಾರ್ವತಿ ಮಾಡಿದ ಸಾರಾ, ವೀಲ್‌ಚೇರಿನಲ್ಲಿರುವ ರೇಡಿಯೋ ಜಾಕಿ. ದುಲ್ಕರ್‌ನ ಅರ್ಜುನ್ ಮೊದಲು ಮೆಚ್ಚಿದ್ದು ಅವಳ ದನಿಯನ್ನು. ಅವಳಿಗೆ ಕೆಲಸ ಇದೆ, ಹಠ ಇದೆ. ಕೊನೆಗೆ ಎದ್ದು ನಡೆಯುವ ಪವಾಡ ಇಲ್ಲ. ನನಗೆ ತುಂಬ ಹಿಡಿಸಿದ್ದು ಅದೇ.

ಆದರೆ ಅದು ಬೆಂಗಳೂರು. ನಮ್ಮ ಗುಡ್ಡೆಯ ಮನೆಗಳಲ್ಲಿ ಜಗಲಿಯಿಂದ ಅಂಗಳಕ್ಕೆ ಮೆಟ್ಟಿಲು, ಅಂಗಳದಿಂದ ರಸ್ತೆಗೆ ಮುರಕಲ್ಲಿನ ಇಳಿಜಾರು, ಆಮೇಲೆ ಬಸ್ಸಿನ ಎತ್ತರದ ಫುಟ್‌ಬೋರ್ಡ್. ಇಷ್ಟಪಟ್ಟವರನ್ನು ನೋಡಲು ಹೋಗಬೇಕಾದರೆ ಯಾರನ್ನಾದರೂ ಸಹಾಯಕ್ಕೆ ಕರೆಯಬೇಕು. ಕರೆದರೆ ಗುಟ್ಟು ಉಳಿಯುವುದಿಲ್ಲ. ಎಂಥ ದೃಶ್ಯ ಅದು!

ಕನ್ನಡದಲ್ಲೋ ತುಳುವಿನಲ್ಲೋ ಯಾರಾದರೂ ಇದನ್ನು ಚಿತ್ರ ಮಾಡಿ. ಪಾತ್ರಕ್ಕೆ ಇಲ್ಲಿನವರನ್ನೇ ಕರೆಯಿರಿ.