ಒಂದು ಬಾಟಲಿಗೆ 380 ಕಿಲೋಮೀಟರ್

ಐದು ಜನ, ತಲೆಗೆ ಐದು ಬಗೆಯ ವೈನು, ಒಂದೊಂದರಿಂದ 30 ಮಿಲಿಲೀಟರ್. ಗುಣಿಸಿದರೆ 750 ಮಿಲಿಲೀಟರ್, ಅಂದರೆ ಸರಿಯಾಗಿ ಒಂದು ಬಾಟಲಿ. ನವಲಗುಂದದಿಂದ ನಸುಕಿಗೆ ಹೊರಟು, ವಿಜಯಪುರದ ಆಚೆಯ ದ್ರಾಕ್ಷಿ ಸೀಮೆಯಲ್ಲಿ ಹೊಲದ ದಾರಿ ಹಿಡಿದು ಅಡ್ಡಾಡಿ, ವೈನಿನ ರುಚಿ ನೋಡಿ, ರಾತ್ರಿ ಊಟದ ಹೊತ್ತಿಗೆ ಮನೆ ಸೇರುವ ಒಂದು ದಿನದ ತಿರುಗಾಟದಲ್ಲಿ ಇಡೀ ತಂಡ ಕುಡಿಯುವುದು ಇಷ್ಟು. ಇದಕ್ಕಾಗಿ ಓಡುವ ದೂರ 380 ಕಿಲೋಮೀಟರ್, ಸುಡುವ ಡೀಸೆಲ್ 33 ಲೀಟರ್, ತಗಲುವ ಖರ್ಚು ಹದಿನಾಲ್ಕೂವರೆ ಸಾವಿರ ರೂಪಾಯಿ. ಇದರಲ್ಲಿ ದ್ರಾಕ್ಷಿ ಬೆಳೆದವನ ಕೈಗೆ ಎಷ್ಟು ಹೋಗುತ್ತದೆ? ಕಾಗದ, ಪೆನ್ನು ಹಿಡಿದು ಕುಳಿತದ್ದು ಈ ಪ್ರಶ್ನೆಗಾಗಿ.

ಧಾರವಾಡ ಜಿಲ್ಲೆಯ ಗ್ರಾಮೀಣ ತಾಲೂಕುಗಳು ವೈನಿನ ಸೀಮೆಯಲ್ಲ. ನವಲಗುಂದ, ಅಣ್ಣಿಗೇರಿಗಳದು ಆಳವಾದ ಎರೆಭೂಮಿ. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕೈ ಇಳಿಯುವಷ್ಟು ಬಿರುಕು ಬಿಡುತ್ತದೆ. ದ್ರಾಕ್ಷಿಯ ಬೇರಿಗೆ ನೀರು ಬಸಿದುಹೋಗುವ ನೆಲ ಬೇಕು. ಇಲ್ಲಿ ಹೆಸರು, ಕಡಲೆ, ಬಿಳಿಜೋಳ, ಹತ್ತಿ, ಉಳ್ಳಾಗಡ್ಡಿ, ಮೆಣಸಿನಕಾಯಿ ನಡೆಯುತ್ತವೆ. ಆದರೆ ದ್ರಾಕ್ಷಿಗೆ ಹೋಗುವ ದಾರಿ ಮಾತ್ರ ನಮ್ಮ ಊರುಗಳನ್ನೇ ಹಾದುಹೋಗಿದೆ. ಅಂಕೋಲಾದಿಂದ ಬರುವ ರಾಷ್ಟ್ರೀಯ ಹೆದ್ದಾರಿ 52 ಕಲಘಟಗಿ, ಹುಬ್ಬಳ್ಳಿ, ನವಲಗುಂದ, ನರಗುಂದ ದಾಟಿ ವಿಜಯಪುರಕ್ಕೆ ಏರುತ್ತದೆ. ಕೊಣ್ಣೂರಿನ ಹತ್ತಿರ ಮಲಪ್ರಭಾ, ಅನಗವಾಡಿಯಲ್ಲಿ ಘಟಪ್ರಭಾ, ಕೊಲ್ಹಾರದ ಉದ್ದನೆಯ ಸೇತುವೆಯ ಕೆಳಗೆ ಕೃಷ್ಣೆ: ಸುಮಾರು 160 ಕಿಲೋಮೀಟರಿನಲ್ಲಿ ಮೂರು ನದಿ.

ಕರ್ನಾಟಕದ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ಬಂದದ್ದು 2007ರಲ್ಲಿ. ಅದೇ ವರ್ಷ ವೈನ್ ಮಂಡಳಿಯೂ ಆಯಿತು. ನಂದಿ ಕಣಿವೆ, ಕೃಷ್ಣಾ ಕಣಿವೆ ಎಂದು ಸೀಮೆಗಳ ಹೆಸರು ಹೇಳುವ ರೂಢಿ ಆಮೇಲೆ ಗಟ್ಟಿಯಾಯಿತು. ವೈನರಿಗೆ ಅತಿಥಿಗಳನ್ನು ಕರೆದು ರುಚಿ ತೋರಿಸುವ ಪದ್ಧತಿ ಚೆನ್ನಾಗಿ ಬೇರೂರಿದ್ದು ನಂದಿ ಬೆಟ್ಟದ ಬುಡದಲ್ಲಿ; ದೊಡ್ಡಬಳ್ಳಾಪುರದ ಬಳಿ ಗ್ರೋವರ್ ಕುಟುಂಬ 1988ರಲ್ಲಿ ವೈನ್ ದ್ರಾಕ್ಷಿಗೆ ಕೈ ಹಾಕಿತ್ತು. ನಾಶಿಕದ ಸುಲಾ ವೈನರಿ ರುಚಿ ನೋಡುವ ಕೋಣೆ ತೆರೆದದ್ದು 2005ರಲ್ಲಿ. ನವಲಗುಂದದವರಿಗೆ ದೊಡ್ಡಬಳ್ಳಾಪುರ ಒಂದೇ ಕಡೆಗೆ 400 ಕಿಲೋಮೀಟರ್ ಮೀರುತ್ತದೆ, ನಾಶಿಕ ಇನ್ನೂ ದೂರ. ಒಂದು ದಿನದಲ್ಲಿ ಹೋಗಿ ಬರುವ ಮಾತಿದ್ದರೆ ಅದು ವಿಜಯಪುರದ ಕಡೆಯ ಕೃಷ್ಣಾ ಕಣಿವೆ ಮಾತ್ರ, ಅದೂ ವೈನರಿಯವರ ಹತ್ತಿರ ಮೊದಲೇ ಮಾತಾಡಿ ಒಪ್ಪಿಸಿಕೊಂಡಿದ್ದರೆ.

ಈಗ ಲೆಕ್ಕ. ದರಗಳು ನಾನು ಹಿಡಿದವು. ನಿಮ್ಮೂರಿನ ದರ ಹಾಕಿ ಮತ್ತೆ ಗುಣಿಸಿಕೊಳ್ಳಬಹುದು.

ಬೊಲೆರೊದಂಥ ಏಳು ಸೀಟಿನ ಗಾಡಿ. ಡ್ರೈವರಿಗೆ ಒಂದು, ದಾರಿ ತೋರಿಸುವ ಗೈಡಿಗೆ ಒಂದು. ಉಳಿದದ್ದು ಐದು. ವಿಜಯಪುರಕ್ಕೆ ಹೋಗಿ ಬರಲು 320, ಅಲ್ಲಿಂದ ತಿಕೋಟಾ ಕಡೆಯ ದ್ರಾಕ್ಷಿ ಪಡಗಳಿಗೆ ಹೋಗಿ ಬರಲು 40, ಪಡಗಳ ನಡುವಿನ ಕಚ್ಚಾ ದಾರಿಯಲ್ಲಿ 20, ಒಟ್ಟು 380. ಡಾಂಬರಿನ ಮೇಲೆ ಲೀಟರಿಗೆ 12 ಕಿಲೋಮೀಟರ್ ಓಡುವ ಗಾಡಿ, ಹೊಲದ ದಾರಿಯಲ್ಲಿ ಒಂದನೇ, ಎರಡನೇ ಗೇರಿನಲ್ಲೇ ತೆವಳುವುದರಿಂದ 6ಕ್ಕೆ ಇಳಿಯುತ್ತದೆ. 30 ಲೀಟರ್ ಡಾಂಬರಿಗೆ, ಮೂರು ಚಿಲ್ಲರೆ ಹೊಲಕ್ಕೆ. ಲೀಟರಿಗೆ 90 ರೂಪಾಯಿಯಂತೆ ಡೀಸೆಲ್ಲೇ 3,000. ಬಾಡಿಗೆ ಗಾಡಿಯಾದರೆ ಡೀಸೆಲ್ ಸೇರಿಸಿ ಕಿಲೋಮೀಟರಿಗೆ 20 ರೂಪಾಯಿ ಹಿಡಿಯೋಣ.

ಗಾಡಿ ಬಾಡಿಗೆ 7,600, ಡ್ರೈವರ್ ಭತ್ಯೆ 500: ಒಟ್ಟು 8,100
ರುಚಿ ನೋಡುವ ಶುಲ್ಕ, ತಲೆಗೆ 800ರಂತೆ: 4,000
ನಾಷ್ಟಾ 60, ಖಾನಾವಳಿ ಊಟ 150, ಏಳು ಜನಕ್ಕೆ: 1,470
ಗೈಡ್: 1,000
ಮೊತ್ತ: 14,570 ರೂಪಾಯಿ, ತಲೆಗೆ 2,914

ಟೋಲ್ ಇದರಲ್ಲಿ ಇಲ್ಲ. ನೂರು ರೂಪಾಯಿಯಲ್ಲಿ 56 ಗಾಡಿಗೇ ಹೋಯಿತು, 27 ವೈನರಿಗೆ, 10 ಊಟಕ್ಕೆ, 7 ಗೈಡಿಗೆ. ಹೊತ್ತಿನ ಲೆಕ್ಕವೂ ಇದೇ ಕಥೆ ಹೇಳುತ್ತದೆ. ಹೆದ್ದಾರಿಯಲ್ಲಿ ಗಂಟೆಗೆ ಸರಾಸರಿ 50ರಂತೆ ಏಳು ಗಂಟೆ, ಹೊಲದ ದಾರಿಯಲ್ಲಿ ಗಂಟೆಗೆ 10ರಂತೆ ಎರಡು ಗಂಟೆ. ಬೆಳಿಗ್ಗೆ 6ಕ್ಕೆ ಹೊರಟು ರಾತ್ರಿ 8ಕ್ಕೆ ಮರಳಿದರೆ 14 ಗಂಟೆಯಲ್ಲಿ 9 ಗಂಟೆ ಗಾಡಿಯೊಳಗೆ. ಗಿಡದ ನೆರಳಿಗೆ, ಮಾತಿಗೆ, ಊಟಕ್ಕೆ, ವೈನಿಗೆ ಎಲ್ಲ ಕೂಡಿ ಉಳಿಯುವುದು ಐದು.

ದ್ರಾಕ್ಷಿಗೆ ಬರೋಣ. ಒಂದು ಟನ್ ವೈನ್ ದ್ರಾಕ್ಷಿಯಿಂದ 600ರಿಂದ 700 ಲೀಟರ್ ವೈನು ಇಳಿಯುತ್ತದೆ. 650 ಎಂದು ಹಿಡಿದರೆ ಒಂದು ಬಾಟಲಿಗೆ ಬೇಕಾದದ್ದು 1.15 ಕಿಲೋ ಹಣ್ಣು. ಕಿಲೋಗೆ 50 ರೂಪಾಯಿ ಸಿಕ್ಕಿತೆಂದರೆ ಬೆಳೆಗಾರನಿಗೆ 58 ರೂಪಾಯಿ. ಆ ದಿನ ಖರ್ಚಾದ ನೂರು ರೂಪಾಯಿಯಲ್ಲಿ 40 ಪೈಸೆ. ವೈನರಿಯ ಶುಲ್ಕದಲ್ಲಿ ಟ್ಯಾಂಕು, ಬಾಟಲಿ, ತಂಪು ಕೋಣೆ, ಪರವಾನಗಿ, ಆಳುಗಳ ಸಂಬಳ ಎಲ್ಲ ಇದೆ, ಆ 4,000ವನ್ನು ನಾನು ಹೆಚ್ಚೆನ್ನುವುದಿಲ್ಲ. ಆದರೆ ಆ ಹಣ್ಣಿಗಾಗಿ ರೈತ ಏಪ್ರಿಲ್ ಚಾಟನಿ, ಅಕ್ಟೋಬರ್ ಚಾಟನಿ ಎಂದು ವರ್ಷಕ್ಕೆ ಎರಡು ಸಲ ಬಳ್ಳಿ ಕತ್ತರಿಸಿದ್ದಾನೆ. ಬರ ಬಿದ್ದ ವರ್ಷ ಟ್ಯಾಂಕರಿನಲ್ಲಿ ನೀರು ಕೊಂಡು ಹನಿ ಹನಿಯಾಗಿ ಉಣಿಸಿದ್ದಾನೆ. ಆ ಮನುಷ್ಯನ ಪಾಲಿಗೆ 40 ಪೈಸೆ ಎಂಬುದನ್ನು ನೋಡಿ ನನಗೆ ಸಂಕಟವಾಯಿತು.

ಪ್ರವಾಸಗಳು ಹೆಚ್ಚಿದರೆ? ಡಿಸೆಂಬರಿನಿಂದ ಮಾರ್ಚ್ ತನಕ 17 ವಾರ, ಶನಿವಾರ ಭಾನುವಾರ ಸೇರಿ 34 ದಿನ, ದಿನಕ್ಕೊಂದು ಗಾಡಿ. ಒಟ್ಟು ವಹಿವಾಟು 4 ಲಕ್ಷ 95 ಸಾವಿರ ರೂಪಾಯಿ. ಕುಡಿದದ್ದು 34 ಬಾಟಲಿ. 225 ಲೀಟರಿನ ಒಂದು ಓಕ್ ಪೀಪಾಯಿಯಲ್ಲೇ 300 ಬಾಟಲಿ ಹಿಡಿಯುತ್ತದೆ. ಬೇಕಾದ ಹಣ್ಣು 39 ಕಿಲೋ. ಎಕರೆಗೆ 5 ಟನ್ ಇಳುವರಿ ಎಂದರೆ ಗುಂಟೆಗೆ 125 ಕಿಲೋ. ಈ 39 ಕಿಲೋ ಬೆಳೆಯಲು ಗುಂಟೆಯ ಮೂರನೇ ಒಂದು ಭಾಗವೂ ಬೇಡ. ಸುಮಾರು 340 ಚದರ ಅಡಿ, ನಮ್ಮ ಕಡೆಯ ಒಂದು ದೊಡ್ಡ ಪಡಸಾಲೆಯಷ್ಟು ಜಾಗ.

ವಿಜಯಪುರದ ದ್ರಾಕ್ಷಿ ಬಹುಪಾಲು ವೈನಿಗೆ ಹೋಗುವುದೂ ಇಲ್ಲ. ಅಲ್ಲಿಯದು ಮುಖ್ಯವಾಗಿ ತಿನ್ನುವ ಹಣ್ಣು, ಒಣದ್ರಾಕ್ಷಿ. ನಾಲ್ಕು ಕಿಲೋ ಹಣ್ಣು ಒಣಗಿದರೆ ಒಂದು ಕಿಲೋ. ಐದು ಅತಿಥಿಗಳು ಹೊರಡುವ ಮುನ್ನ ಒಣಗಿಸುವ ಶೆಡ್ಡಿನಲ್ಲೇ ನಿಂತು ತಲಾ ಒಂದು ಕಿಲೋ ಒಣದ್ರಾಕ್ಷಿಯನ್ನು 200 ರೂಪಾಯಿಯಂತೆ ಕೊಂಡರೆಂದುಕೊಳ್ಳಿ. ರೈತನಿಗೆ ನೇರವಾಗಿ 1,000 ರೂಪಾಯಿ, ವೈನ್ ದ್ರಾಕ್ಷಿಯ 58ರ ಹದಿನೇಳು ಪಟ್ಟು. ಅವನ ಪಾಲು ಶೇಕಡ 0.4ರಿಂದ 6.8ಕ್ಕೆ ಏರುತ್ತದೆ. ಇಂಥ ಪ್ರವಾಸ ನಡೆಸುವವರು ಒಣದ್ರಾಕ್ಷಿ ಶೆಡ್ಡಿನ ಅರ್ಧ ಗಂಟೆಯನ್ನು ಯಾವ ಕಾರಣಕ್ಕೂ ಬಿಡಬಾರದು.

ಇನ್ನೊಂದು ಅಂಕಿಯನ್ನು ಹೇಳದೆ ಮುಂದೆ ಹೋಗಲಾರೆ. ಹಣ್ಣು ಕೊಯ್ಯುವಾಗ ಸಕ್ಕರೆಯ ಅಳತೆ 23 ಬ್ರಿಕ್ಸ್ ಇದ್ದರೆ, ಹುದುಗಿದ ಮೇಲೆ ವೈನಿನಲ್ಲಿ ಸುಮಾರು ಶೇಕಡ 13 ಆಲ್ಕೋಹಾಲ್ ಆಗುತ್ತದೆ. 150 ಮಿಲಿಲೀಟರಿನಲ್ಲಿ ಅದು 15 ಗ್ರಾಂ. 60 ಕಿಲೋ ತೂಕದ ಗಂಡಾಳು ಇದನ್ನು ಖಾಲಿ ಹೊಟ್ಟೆಯಲ್ಲಿ ಬೇಗ ಕುಡಿದರೆ 100 ಮಿಲಿಲೀಟರ್ ರಕ್ತದಲ್ಲಿ ಸುಮಾರು 40 ಮಿಲಿಗ್ರಾಂ ತೋರಬಹುದು. ಗಾಡಿ ಓಡಿಸುವವರಿಗೆ ಕಾನೂನು ಹಾಕಿದ ಮಿತಿ 30. ‘ಬರೀ ರುಚಿ’ ಎಂಬ ಐದು ಗುಟುಕೇ ಮಿತಿ ದಾಟಿಸುತ್ತದೆ, ಗಂಟೆಗೆ ಇಳಿಯುವುದು 15ರ ಆಸುಪಾಸು. 2019ರ ತಿದ್ದುಪಡಿಯ ನಂತರ ಮೊದಲ ತಪ್ಪಿಗೇ 10,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳ ತನಕ ಜೈಲು, ಇಲ್ಲವೇ ಎರಡೂ. ಮರಳುವ 180 ಕಿಲೋಮೀಟರಿನ ಕೊನೆಯ ಭಾಗ ಕತ್ತಲಲ್ಲಿ, ಕಬ್ಬಿನ ಟ್ರ್ಯಾಕ್ಟರುಗಳ ನಡುವೆ. ಡ್ರೈವರಿಗೆ ಒಂದು ಹನಿಯೂ ಬೇಡ ಎಂಬ ಮಾತನ್ನು ಬಾಡಿಗೆ ಮಾತಾಡುವಾಗಲೇ ಮುಗಿಸಬೇಕು. ಅವನಿಗೆ ಹೊಟ್ಟೆ ತುಂಬ ಊಟ ಹಾಕಿಸಿ, ಒಂದು ತಾಸು ಮಲಗಲು ಬಿಡಬೇಕು. ಆ ಒಂದು ತಾಸನ್ನು ಉಳಿದ ಐದು ತಾಸಿನಿಂದಲೇ ತೆಗೆಯಬೇಕು.

ಹಾಗಾದರೆ ಇದೇ ಗಾಡಿ, ಇದೇ ಐದು ಜನ, ಇದೇ ಗೈಡ್, ದೂರ ಮಾತ್ರ ಕಡಿಮೆ ಮಾಡಿದರೆ?

ನವಲಗುಂದದಿಂದ ಅಣ್ಣಿಗೇರಿ 20 ಕಿಲೋಮೀಟರಿನ ಆಸುಪಾಸು. ಹೋಗಿ ಬರಲು 40, ಎರೆಹೊಲಗಳ ನಡುವಿನ ಚಕ್ಕಡಿ ದಾರಿಯಲ್ಲಿ 20. ಡೀಸೆಲ್ 7 ಲೀಟರ್ ಒಳಗೆ. ರುಚಿ ನೋಡುವುದು ಏನನ್ನು? ಸೀತನಿಯನ್ನು. ಹಿಂಗಾರಿ ಬಿಳಿಜೋಳದ ತೆನೆ ಹಾಲು ತುಂಬಿ ಇನ್ನೂ ಹಸಿಯಾಗಿರುವಾಗ ಕೊಯ್ದು, ಕುಳ್ಳಿನ ಕೆಂಡದಲ್ಲಿ ಸುಟ್ಟು, ಬಿಸಿ ಬಿಸಿ ಇರುವಾಗಲೇ ತಿಕ್ಕಿ ಕಾಳು ಬಿಡಿಸಿ, ಶೇಂಗಾ ಚಟ್ನಿ, ಬೆಲ್ಲ, ಮೊಸರಿನ ಜೊತೆ ತಿನ್ನುವುದು. ಡಿಸೆಂಬರ್ ಕೊನೆಯಿಂದ ಜನವರಿ ತನಕ ಇದರ ಕಾಲ. ತೆನೆಯಿಂದ ತೆನೆಗೆ, ತಳಿಯಿಂದ ತಳಿಗೆ ರುಚಿ ಬೇರೆ. ಸುಡುವ ಕೈ ಬದಲಾದರೂ ಬೇರೆ. ವೈನಿನವರು ನೆಲದ ರುಚಿ ಎಂದು ಯಾವುದನ್ನು ಅಷ್ಟು ಹೊತ್ತು ವಿವರಿಸುತ್ತಾರೋ ಅದು ಇಲ್ಲಿ ಅಂಗೈಯಲ್ಲೇ ಇದೆ. ಎಳ್ಳಮಾಸಿಗೆ ಚಕ್ಕಡಿ ಹೂಡಿ, ಬುತ್ತಿ ಕಟ್ಟಿಕೊಂಡು, ಹೊಲಕ್ಕೆ ಹೋಗಿ ಚರಗ ಚೆಲ್ಲಿ ಉಂಡು ಬರುವ ಮನೆಗಳಿಗೆ ಇಂಥ ದಿನ ಹೊಸದೇನಲ್ಲ.

ಗಾಡಿಗೆ ದಿನದ ಕನಿಷ್ಠ ಬಾಡಿಗೆ 2,500, ಭತ್ಯೆ 500. ಹೊಲದ ಮನೆಯವರಿಗೆ ಅತಿಥಿಗೆ 300ರಂತೆ 1,500, ಡ್ರೈವರ್ ಮತ್ತು ಗೈಡ್ ಊಟಕ್ಕೆ 300. ಗೈಡಿಗೆ ಅದೇ 1,000. ಮೊತ್ತ 5,800, ತಲೆಗೆ 1,160. ಇಲ್ಲಿ ಹೊಲದ ಮನೆಯ ಪಾಲು ನೂರಕ್ಕೆ 31, ಗೈಡಿನದು 17.

ಸರಕಿನ ಬೆಲೆ ನೋಡಿದಾಗ ನಾನು ಪೆನ್ನು ಕೆಳಗಿಟ್ಟೆ. ಐದು ಜನ ತಲಾ ನಾಲ್ಕು ತೆನೆ ತಿಂದರೆ 20 ತೆನೆ. ಬಲಿಯಲು ಬಿಟ್ಟಿದ್ದರೆ ತೆನೆಗೆ 50 ಗ್ರಾಮಿನಂತೆ ಒಂದು ಕಿಲೋ ಜೋಳ. 2025-26ರ ಬೆಂಬಲ ಬೆಲೆಯಲ್ಲಿ ಮಾಲ್ದಂಡಿ ಜೋಳ ಕ್ವಿಂಟಲಿಗೆ 3,749 ರೂಪಾಯಿ, ಕಿಲೋಗೆ 37 ಚಿಲ್ಲರೆ. ಅಲ್ಲಿ 58 ರೂಪಾಯಿಯ ದ್ರಾಕ್ಷಿ, ಇಲ್ಲಿ 37 ರೂಪಾಯಿಯ ಜೋಳ. ಬೆಳೆಯ ಬೆಲೆಯಲ್ಲಿ ಜೋಳದವನೇ ಹಿಂದೆ. ಆದರೂ ಅವನ ಮನೆಗೆ 1,800 ಬಂತು, ಏಕೆಂದರೆ ಅತಿಥಿಗಳು ಕುಳಿತದ್ದು ಅವನ ಹೊಲದಲ್ಲಿ, ಉಂಡದ್ದು ಅವನ ಮನೆಯ ರೊಟ್ಟಿ.

ಈ 1,800 ಪೂರ್ತಿ ಲಾಭವಲ್ಲ. ಶೇಂಗಾ, ಮೊಸರು, ಬೆಲ್ಲ, ಹಿಟ್ಟಿಗೆ 500 ತೆಗೆಯಿರಿ. ರೊಟ್ಟಿ ಬಡಿಯಲು, ತೆನೆ ಸುಡಲು ನಾಲ್ಕು ಜನರ ಅರ್ಧ ದಿನ. ಅದಕ್ಕೆ 2025-26ರ ಉದ್ಯೋಗ ಖಾತರಿ ಕೂಲಿ 370ರ ಅರ್ಧ ಹಾಕಿದರೂ 740. ಉಳಿಯುವುದು 560. ಮನೆಯ ಹೆಣ್ಣುಮಕ್ಕಳ ದುಡಿಮೆಯನ್ನು ಲೆಕ್ಕಕ್ಕೆ ಹಿಡಿಯದೆ ‘ಲಾಭ’ ಎಂದು ಬರೆದುಕೊಳ್ಳುವ ಚಾಳಿ ನಮ್ಮ ಕಡೆ ಬಹಳ. ಅವರ 740 ಮೊದಲು ಅವರ ಕೈಗೆ ಬರಬೇಕು.

ಗೈಡಿನ ಲೆಕ್ಕ ನೋಡಿ: ವೈನಿನ ಪ್ರವಾಸ, ಸೀತನಿಯ ಪ್ರವಾಸ ಎರಡೂ ಸೇರಿ 34 ದಿನಕ್ಕೆ 34,000 ರೂಪಾಯಿ. 370ರ ಕೂಲಿಯಲ್ಲಿ ನೂರು ದಿನ ಮಣ್ಣು ಹೊತ್ತರೆ 37,000. ಊರಿನ ಓದಿದ ಒಬ್ಬ ಹುಡುಗಿಗೋ ಹುಡುಗನಿಗೋ ಇದು ಸಣ್ಣ ಮೊತ್ತವಲ್ಲ. ಆದರೆ ಅವರು ಹೇಳಬೇಕಾದದ್ದು ಬಹಳವಿದೆ. ಅಣ್ಣಿಗೇರಿಯ ಅಮೃತೇಶ್ವರ ಗುಡಿ ಕಲ್ಯಾಣ ಚಾಲುಕ್ಯರ ಕಾಲದ್ದು, 1050ರದು, 76 ಕಂಬಗಳದ್ದು. ಪಂಪನ ಹುಟ್ಟೂರೆಂದು ಹೆಸರಾದ ಊರು ಅದೇ. ನವಲಗುಂದದಲ್ಲಿ 1980ರ ಜುಲೈನಲ್ಲಿ ಮಲಪ್ರಭಾ ನೀರಾವರಿಯ ಕರದ ವಿರುದ್ಧ ಎದ್ದ ರೈತರ ಮೇಲೆ ಗುಂಡು ಹಾರಿತು. ಕುಂದಗೋಳದ ಕಡೆ ತಿರುಗಿದರೆ ಗಾಯಕ ಸವಾಯಿ ಗಂಧರ್ವರ ಊರು, ಕಲಘಟಗಿಗೆ ಹೋದರೆ ಬಣ್ಣದ ತೊಟ್ಟಿಲು, ಭತ್ತದ ಗದ್ದೆ, ಕಾಡಿನ ಅಂಚು. ಕಲಘಟಗಿಯ ದಾರಿಗೆ ಬೇರೆಯೇ ದಿನ ಇಡಬೇಕು.

ಎರೆಹೊಲದ ದಾರಿಗೆ ಒಂದು ಕಟ್ಟಪ್ಪಣೆ ಇದೆ. ಮಳೆಯಾದ ಮೇಲೆ ಇಳಿಯಬಾರದು. ಹಸಿ ಎರೆ ಟಯರಿಗೆ ಮೆತ್ತಿಕೊಂಡು ಮಡ್‌ಗಾರ್ಡ್ ತುಂಬಿದರೆ ಯಾವ ಗಾಡಿಯೂ ತಿರುಗುವುದಿಲ್ಲ. ಎಳೆಯಲು ಟ್ರ್ಯಾಕ್ಟರ್ ಕರೆಸಿದರೆ ದಿನದ ಲೆಕ್ಕವೇ ತಲೆಕೆಳಗು. ಅದಕ್ಕಿಂತ ಹೆಚ್ಚಾಗಿ, ಹಸಿ ಹೊಲದ ಬದುವಿನಲ್ಲಿ ಬಿದ್ದ ಗಾಲಿಯ ಹಳ್ಳ ಮುಂದಿನ ಮಳೆಯಲ್ಲಿ ಕೊರಕಲಾಗುತ್ತದೆ. ಜೂನ್‌ನಿಂದ ನವೆಂಬರ್ ತನಕ ಈ ಪ್ರವಾಸ ಬೇಡವೇ ಬೇಡ.

ಕೊನೆಗೆ ಒಂದು ಸಣ್ಣ ಬದಲಾವಣೆ ಮಾಡಿ ನೋಡಿದೆ. ಹೊಲ ಮುಟ್ಟುವ ಕೊನೆಯ ಮೂರು ಕಿಲೋಮೀಟರಿಗೆ ಗಾಡಿ ಬಿಟ್ಟು ಎರಡು ಚಕ್ಕಡಿ, ಒಂದಕ್ಕೆ 500 ರೂಪಾಯಿ. ಹೋಗಿ ಬರಲು ಆರು ಕಿಲೋಮೀಟರ್, ಒಂದೂವರೆ ತಾಸು. ತಲೆಗೆ 200 ಹೆಚ್ಚಾಗಿ 1,360 ಆಗುತ್ತದೆ, ಮೊತ್ತ 6,800. ಗಾಡಿಯ ಪಾಲು 44ಕ್ಕೆ ಇಳಿದು, ಹೊಲದ ಮನೆ, ಚಕ್ಕಡಿ, ಗೈಡ್ ಸೇರಿ 56 ಆಗುತ್ತದೆ. ವಿಜಯಪುರದ ಲೆಕ್ಕದಲ್ಲಿ ನೂರಕ್ಕೆ 56 ಹೋಗಿದ್ದು ಗಾಡಿಗೆ. ಹೊರಡುವ ಹೊತ್ತು ಬೆಳಿಗ್ಗೆ 9 ಆದರೂ ನಡೆಯುತ್ತದೆ. ಎತ್ತುಗಳಿಗೆ ನೀರು ಕುಡಿಸಬೇಕಾದ್ದರಿಂದ ಸಂಜೆ 5ಕ್ಕೆ ಹೊಲ ಬಿಡಬೇಕು.