ಆನ್‌ಲೈನ್ ಉನ್ನತ ಶಿಕ್ಷಣವೂ ಪ್ರತಿಶೋಧನೆಯ ಸಂಪ್ರದಾಯವೂ

ಓಲೆಗರಿಯ ಪ್ರತಿಯೊಂದನ್ನು ಬರೆದು ಮುಗಿಸಿದ ಲಿಪಿಕಾರನು ಕೊನೆಯ ಗರಿಯಲ್ಲಿ, ಅಕ್ಷರ ತಪ್ಪಿದ್ದರೆ ಬಲ್ಲವರು ತಿದ್ದಿ ಓದಿಕೊಳ್ಳಬೇಕೆಂದೂ ತನ್ನನ್ನು ದೂಷಿಸಬಾರದೆಂದೂ ಬೇಡಿಕೊಳ್ಳುವ ಪದ್ಧತಿ ಜೈನ ಭಂಡಾರಗಳಲ್ಲಿ ಕೆಲಸ ಮಾಡಿದವರಿಗೆಲ್ಲ ಪರಿಚಿತವಾದದ್ದು. ಇದನ್ನು ಕೇವಲ ವಿನಯದ ಮಾತೆಂದು ತಿಳಿಯುವುದು ರೂಢಿ. ಆದರೆ ಅದರ ಹಿಂದೆ ಒಂದು ಏರ್ಪಾಡೂ ಅಡಗಿದೆ. ಬರೆದವನೇ ತನ್ನ ಬರಹಕ್ಕೆ ಕೊನೆಯ ಪ್ರಮಾಣನಲ್ಲ. ಮತ್ತೊಬ್ಬನು ಓದಿ, ಬಿಟ್ಟುಹೋದ ಅಕ್ಷರಕ್ಕೆ ಹಂಸಪಾದವನ್ನು ಹಾಕಿ, ಅಂಚಿನಲ್ಲಿ ತಿದ್ದಿದ ಮೇಲೆಯೇ ಆ ಪ್ರತಿಗೆ ಶೋಧಿತವೆಂಬ ಗೌರವ ಸಲ್ಲುತ್ತಿತ್ತು. ಓದುವುದನ್ನು ಕಲಿಯುವ ಶಿಷ್ಯನೂ ಬಹುಮಟ್ಟಿಗೆ ಈ ತಿದ್ದುವ ಕೆಲಸದಲ್ಲಿಯೇ ಕಲಿಯುತ್ತಿದ್ದನು. ಇಂದು ಉನ್ನತ ಶಿಕ್ಷಣದಲ್ಲಿ ಆನ್‌ಲೈನ್ ಕಲಿಕೆ, ಸಾಮಾಜಿಕ ಕಲಿಕೆ ಎಂಬ ಹೆಸರುಗಳಿಂದ ಬಂದಿರುವ ನೂತನ ಪದ್ಧತಿಗಳನ್ನು ಪರೀಕ್ಷಿಸುವುದಕ್ಕೆ ಈ ಹಳೆಯ ಏರ್ಪಾಡೇ ತಕ್ಕ ಒರೆಗಲ್ಲಾಗಿದೆ.

ಈ ಪರೀಕ್ಷೆ ಹಸ್ತಪ್ರತಿ ವಿದ್ವಾಂಸರಿಗೆ ಅವಶ್ಯವಾಗಿರುವುದಕ್ಕೆ ಕಾರಣವಿದೆ. ಬೆಂಗಳೂರಿನ ಪಶ್ಚಿಮ ಭಾಗದಲ್ಲಿ, ನಾಗರಭಾವಿಗೂ ಕೆಂಗೇರಿಗೂ ನಡುವೆ ಹಬ್ಬಿರುವ ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಆವರಣಕ್ಕೆ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳ ವಿದ್ಯಾರ್ಥಿಗಳು ಬಂದು ಹೋಗುವುದು ಕಷ್ಟವಲ್ಲ. 2021ರ ಆಗಸ್ಟ್ ಕೊನೆಯಲ್ಲಿ ಮೆಟ್ರೊ ರೈಲು ಕೆಂಗೇರಿಯವರೆಗೆ ಬಂದ ಮೇಲಂತೂ ದಾರಿ ಇನ್ನೂ ಸುಗಮವಾಯಿತು. ಆ ಮಾರ್ಗದಲ್ಲಿ ಜ್ಞಾನಭಾರತಿಯ ಹೆಸರಿನ ನಿಲ್ದಾಣವೇ ಇದೆ. ಆದರೆ ವಿದ್ಯಾರ್ಥಿ ಜ್ಞಾನಭಾರತಿಯನ್ನು ತಲುಪಿದರೂ ಗರಿಯನ್ನು ತಲುಪಿದಂತಾಗುವುದಿಲ್ಲ. ಮುಖ್ಯ ಜೈನ ಭಂಡಾರಗಳು ಮೂಡುಬಿದಿರೆ, ಶ್ರವಣಬೆಳಗೊಳ, ಹೊಂಬುಜ ಮೊದಲಾದ ಕ್ಷೇತ್ರಗಳಲ್ಲಿವೆ. ಹಳಗನ್ನಡ ಲಿಪಿಯನ್ನು ನಿರರ್ಗಳವಾಗಿ ಓದಬಲ್ಲ ಹಿರಿಯರು ಒಂದೊಂದು ಊರಿಗೆ ಒಬ್ಬಿಬ್ಬರಂತೆ ಚದುರಿದ್ದಾರೆ. ಗುರು ಒಂದೆಡೆ, ಗರಿ ಒಂದೆಡೆ, ಶಿಷ್ಯ ಮತ್ತೊಂದೆಡೆ ಇರುವಾಗ ಮೂವರನ್ನೂ ಕೂಡಿಸುವ ಸಾಧನವನ್ನು ಅಲ್ಲಗಳೆಯುವ ಅನುಕೂಲ ಈ ವಿದ್ಯೆಗೆ ಉಳಿದಿಲ್ಲ.

ದೂರಶಿಕ್ಷಣ ಕರ್ನಾಟಕಕ್ಕೆ ಹೊಸದಲ್ಲ. ಮೈಸೂರು ವಿಶ್ವವಿದ್ಯಾಲಯದ ಅಂಚೆ ಮತ್ತು ತೆರಪಿನ ಶಿಕ್ಷಣ ಸಂಸ್ಥೆ 1969ರಲ್ಲಿ ಆರಂಭವಾಗಿ, 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವಾಗಿ ಬೆಳೆಯಿತು. 2004ರ ಸೆಪ್ಟೆಂಬರಿನಲ್ಲಿ ಉಡಾವಣೆಯಾದ ಎಡುಸ್ಯಾಟ್ ಉಪಗ್ರಹದ ಮೊದಲ ಪ್ರಯೋಗಗಳಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವೂ ಸೇರಿತ್ತು. 2003ರಲ್ಲಿ ಐಐಟಿಗಳೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಕೂಡಿ ಆರಂಭಿಸಿದ ಎನ್‌ಪಿಟಿಇಎಲ್ ಯೋಜನೆ 2014ರಿಂದ ಪ್ರಮಾಣಪತ್ರದ ಪಾಠಗಳನ್ನು ನೀಡತೊಡಗಿತು. 2017ರಲ್ಲಿ ಕೇಂದ್ರ ಸರ್ಕಾರದ ಸ್ವಯಂ ವೇದಿಕೆ ಬಂದಿತು. ಇಂಥ ಪಾಠಗಳಿಂದ ಪಡೆದ ಅಂಕಮಾನವನ್ನು ಪದವಿಗೆ ಸೇರಿಸಿಕೊಳ್ಳಲು ವಿಶ್ವವಿದ್ಯಾಲಯ ಅನುದಾನ ಆಯೋಗವು 2016ರಲ್ಲಿ ಶೇಕಡಾ 20ರ ಮಿತಿಯನ್ನು ವಿಧಿಸಿತ್ತು. 2021ರಲ್ಲಿ ಅದನ್ನು ಶೇಕಡಾ 40ಕ್ಕೆ ಏರಿಸಿತು. ಅಂದರೆ ಪದವಿಯ ಐದು ಪಾಲಿನಲ್ಲಿ ಎರಡು ಪಾಲು ತರಗತಿಯ ಹೊರಗಿನಿಂದ ಬರಬಹುದೆಂದಾಯಿತು.

ಈ ಪಾಠಗಳ ರಚನೆಯನ್ನು ಗಮನಿಸಬೇಕು. ಎನ್‌ಪಿಟಿಇಎಲ್ ಪಾಠದಲ್ಲಿ ವಾರವಾರದ ಅಭ್ಯಾಸಕ್ಕೆ 25, ನಿಗದಿತ ಕೇಂದ್ರದಲ್ಲಿ ಕುಳಿತು ಬರೆಯುವ ಪರೀಕ್ಷೆಗೆ 75 ಎಂದು ಅಂಕಗಳ ಹಂಚಿಕೆಯಿದೆ. ಉಪನ್ಯಾಸವು ಧ್ವನಿಚಿತ್ರವಾಗಿ ದೊರೆಯುತ್ತದೆ. ಸಂಶಯಗಳನ್ನು ಬರೆದು ಕೇಳಲು ಒಂದು ಸ್ಥಳವೂ ಇರುತ್ತದೆ. ಸ್ವಾಧ್ಯಾಯದ ಐದು ಅಂಗಗಳನ್ನು ಬಲ್ಲವರಿಗೆ ಇಲ್ಲಿ ವಾಚನೆಯೂ ಪೃಚ್ಛನೆಯೂ ಇರುವುದು ಕಾಣುತ್ತದೆ. ಆದರೆ ವಾಚನೆ ಪ್ರಧಾನವಾಗಿಯೂ ಪೃಚ್ಛನೆ ಐಚ್ಛಿಕವಾಗಿಯೂ ಇರುವುದೇ ಇದರ ಕೊರತೆ. ಕೇಳದವನಿಗೂ ಅಂಕ ದೊರೆಯುತ್ತದೆ. ಜಗತ್ತಿನ ಬಹುತೇಕ ಮುಕ್ತ ಪಾಠಗಳಲ್ಲಿ ಹೆಸರು ನೋಂದಾಯಿಸಿದವರ ಪೈಕಿ ಮುಗಿಸುವವರು ಅಲ್ಪಸಂಖ್ಯಾತರೇ ಆಗಿರುವುದಕ್ಕೂ ಈ ಒಂಟಿತನಕ್ಕೂ ಸಂಬಂಧವಿಲ್ಲವೆನ್ನಲಾಗದು.

ಇದಕ್ಕೆ ಪ್ರತಿಯಾದ ಮತ್ತೊಂದು ಧಾರೆಯೂ ಇದೆ. 2008ರಲ್ಲಿ ಕೆನಡಾದ ಮಾನಿಟೋಬ ವಿಶ್ವವಿದ್ಯಾಲಯದಲ್ಲಿ ಜಾರ್ಜ್ ಸೀಮನ್ಸ್ ಮತ್ತು ಸ್ಟೀಫನ್ ಡೌನ್ಸ್ ಎಂಬ ಅಧ್ಯಾಪಕರು ನಡೆಸಿದ ಪಾಠಕ್ಕೆ ಶುಲ್ಕ ಕೊಟ್ಟವರು 25 ಮಂದಿ; ಹೊರಗಿನಿಂದ ಉಚಿತವಾಗಿ ಸೇರಿದವರು ಸುಮಾರು 2200 ಮಂದಿ. ಅಲ್ಲಿ ಅಧ್ಯಾಪಕರ ಉಪನ್ಯಾಸಕ್ಕಿಂತ ಕಲಿಯುವವರು ಬರೆದು ಪರಸ್ಪರ ವಿಮರ್ಶಿಸಿಕೊಂಡ ಬರಹಗಳೇ ಪಾಠದ ಮುಖ್ಯ ದ್ರವ್ಯವಾದವು. ಜ್ಞಾನವು ಒಬ್ಬನ ತಲೆಯಿಂದ ಮತ್ತೊಬ್ಬನ ತಲೆಗೆ ಸುರಿಯುವ ಪದಾರ್ಥವಲ್ಲ, ಕಲಿಯುವವರ ನಡುವಣ ಸಂಬಂಧಗಳಲ್ಲಿ ಬೆಳೆಯುವಂಥದು ಎಂಬುದು ಅವರ ಮತ. ಸಾಮಾಜಿಕ ಕಲಿಕೆಯೆಂದು ಈಗ ಕರೆಯುವುದು ಸ್ಥೂಲವಾಗಿ ಇದನ್ನೇ.

ಕನ್ನಡದಲ್ಲಿ ಈ ಧಾರೆಗೆ ಹೇಳತಕ್ಕ ನಿದರ್ಶನ ಬೆಂಗಳೂರಿನಲ್ಲಿಯೇ ಇದೆ. ಕೆಂಗೇರಿಯಲ್ಲಿಯೂ ಆವರಣವನ್ನು ಹೊಂದಿರುವ ಕ್ರೈಸ್ಟ್ ವಿಶ್ವವಿದ್ಯಾಲಯವು 2013ರಲ್ಲಿ, ಬೆಂಗಳೂರಿನ ಸೆಂಟರ್ ಫಾರ್ ಇಂಟರ್‌ನೆಟ್ ಅಂಡ್ ಸೊಸೈಟಿಯ ಸಹಯೋಗದಿಂದ, ಎರಡನೆಯ ಭಾಷೆಯಾಗಿ ಕನ್ನಡವೇ ಮೊದಲಾದ ಭಾರತೀಯ ಭಾಷೆಗಳನ್ನು ಓದುವ ಪದವಿ ವಿದ್ಯಾರ್ಥಿಗಳನ್ನು ವಿಕಿಪೀಡಿಯ ಮತ್ತು ವಿಕಿಸೋರ್ಸ್‌ಗಳ ಕೆಲಸಕ್ಕೆ ತೊಡಗಿಸಿತು. ಮೂಡುಬಿದಿರೆಯ ಆಳ್ವಾಸ್ ಕಾಲೇಜಿನಲ್ಲಿಯೂ ಇಂಥ ವಿದ್ಯಾರ್ಥಿ ಬಳಗವೊಂದು ರೂಪುಗೊಂಡಿತು. ಮೈಸೂರು ವಿಶ್ವವಿದ್ಯಾಲಯವು ತನ್ನ 14 ಸಂಪುಟಗಳ ಕನ್ನಡ ವಿಶ್ವಕೋಶದ ಹಲವು ಸಂಪುಟಗಳನ್ನು 2014ರಲ್ಲಿ ಮುಕ್ತ ಪರವಾನಗಿಯಲ್ಲಿ ನೀಡಿದ್ದರಿಂದ ಈ ಬಗೆಯ ಕೆಲಸಕ್ಕೆ ದೊಡ್ಡ ಆಕರವೊಂದು ಒದಗಿತು.

ವಿಕಿಸೋರ್ಸ್‌ನ ಕಾರ್ಯವಿಧಾನವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ. ಹಸ್ತಪ್ರತಿ ವಿದ್ವಾಂಸರಿಗೆ ಅದು ಅಪರಿಚಿತವೆನಿಸಲಾರದು. ಪರದೆಯ ಒಂದು ಬದಿಯಲ್ಲಿ ಮೂಲ ಪುಟದ ಛಾಯಾಚಿತ್ರ, ಮತ್ತೊಂದು ಬದಿಯಲ್ಲಿ ಬೆರಳಚ್ಚು ಮಾಡಿದ ಪಾಠ. ಪಾಠವನ್ನು ತುಂಬಿಸಿದ, ಆದರೆ ಪರಿಶೀಲಿಸದ ಪುಟಕ್ಕೆ ಕೆಂಪು ಗುರುತು. ಒಬ್ಬನು ಚಿತ್ರದೊಡನೆ ಅಕ್ಷರಶಃ ಹೋಲಿಸಿ ತಿದ್ದಿದರೆ ಹಳದಿ. ಮತ್ತೊಬ್ಬನು ಪುನಃ ಹೋಲಿಸಿ ಒಪ್ಪಿದರೆ ಹಸಿರು. ಮುಖ್ಯ ನಿಯಮವೆಂದರೆ, ಹಳದಿಗೆ ತಂದವನೇ ಅದನ್ನು ಹಸಿರಿಗೆ ತರುವಂತಿಲ್ಲ. ಯಂತ್ರವೇ ಅದಕ್ಕೆ ಆಸ್ಪದ ಕೊಡುವುದಿಲ್ಲ. ಚಿತ್ರ ಕೆಟ್ಟಿದ್ದರೆ ಅಥವಾ ಪುಟ ಹರಿದಿದ್ದರೆ ಸಮಸ್ಯೆಯೆಂದು ಬೇರೆಯ ಬಣ್ಣದಿಂದ ಗುರುತಿಸಿ ಮುಂದಿನವನಿಗೆ ಬಿಡಬೇಕು, ಊಹಿಸಿ ತುಂಬಬಾರದು. ಶೋಧಿತ ಪ್ರತಿಯ ಏರ್ಪಾಡಿಗೂ ಇದಕ್ಕೂ ಇರುವ ಸಾಮ್ಯವನ್ನು ಎತ್ತಿ ಹೇಳಬೇಕಾಗಿಯೇ ಇಲ್ಲ.

ಯಾರು ಬೇಕಾದರೂ ತಿದ್ದಬಹುದಾದ ಪಾಠದಲ್ಲಿ ಪ್ರಾಮಾಣ್ಯವೆಲ್ಲಿ ಎಂದು ಪಂಡಿತರು ಆಕ್ಷೇಪಿಸುವುದುಂಟು. ಆಕ್ಷೇಪ ಸಾಧುವಾದದ್ದೇ. ಆದರೆ ಅಲ್ಲಿ ಪ್ರತಿಯೊಂದು ಪುಟಕ್ಕೂ ಇತಿಹಾಸವೆಂಬ ವಿಭಾಗವಿದ್ದು, ಯಾವ ಅಕ್ಷರವನ್ನು ಯಾರು ಯಾವ ಗಳಿಗೆಯಲ್ಲಿ ಬದಲಾಯಿಸಿದರೆಂಬುದು ಅಳಿಯದೆ ಉಳಿಯುತ್ತದೆ. ಹಿಂದಿನ ಪಾಠಕ್ಕೆ ಮರಳುವುದಕ್ಕೂ ಸಾಧ್ಯವಿದೆ. ಓಲೆಯ ಮೇಲೆ ತಿದ್ದಿದವನ ಹೆಸರು ನೂರಕ್ಕೆ ಒಂದೆಡೆಯೂ ದೊರೆಯುವುದಿಲ್ಲ. ಈ ಒಂದು ಅಂಶದಲ್ಲಿ ಹೊಸ ಸಾಧನವೇ ಮೇಲೆನ್ನದೆ ವಿಧಿಯಿಲ್ಲ.

ಚದುರಿದ ವಿದ್ವಾಂಸರು ಕೂಡಿ ಪಾಠವನ್ನು ಶುದ್ಧಗೊಳಿಸಿದ ಹಿರಿಯ ಉದಾಹರಣೆ ಜೈನ ವಿದ್ವತ್ತಿನಲ್ಲಿಯೇ ಇದೆ. ಮೂಡುಬಿದಿರೆಯಲ್ಲಿ ಮಾತ್ರ ಉಳಿದಿದ್ದ ಕನ್ನಡ ಲಿಪಿಯ ಧವಲಾ ಓಲೆಗಳನ್ನು ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಪ್ರತಿ ಮಾಡಲಾಯಿತು. ಆ ಪ್ರತಿಗಳ ಪ್ರತಿಗಳು ಉತ್ತರದ ಊರುಗಳಿಗೆ ಹೋದವು. ಹೀರಾಲಾಲ ಜೈನರ ಸಂಪಾದಕತ್ವದಲ್ಲಿ 1939ರಿಂದ 1958ರವರೆಗೆ 16 ಸಂಪುಟಗಳು ಹೊರಬಂದವು. ಮೊದಲ ಸಂಪುಟಗಳು ಪ್ರತಿಯ ಪ್ರತಿಗಳನ್ನು ಆಧರಿಸಿದ್ದವು. ಮೂಲ ಓಲೆಗಳೊಡನೆ ಹೋಲಿಸುವ ಅವಕಾಶ ಆಮೇಲೆ ದೊರೆಯಿತು. ಆ ಅವಕಾಶಕ್ಕಾಗಿ ಕಾಯ್ದ ಕಾಲವನ್ನು ನೆನೆದರೆ, ಗರಿಯ ಚಿತ್ರವೊಂದನ್ನು ನಾಲ್ಕು ಊರುಗಳ ನಾಲ್ವರು ಏಕಕಾಲದಲ್ಲಿ ನೋಡಬಹುದಾದ ಸೌಕರ್ಯವು ಎಷ್ಟು ದೊಡ್ಡದೆಂಬುದು ತಿಳಿಯುತ್ತದೆ.

ಸೌಕರ್ಯವಿದ್ದ ಮಾತ್ರಕ್ಕೆ ಕಲಿಕೆ ನಡೆಯದೆಂಬುದಕ್ಕೂ ಸಾಕ್ಷ್ಯವುಂಟು. 2011ರಲ್ಲಿ ಪುಣೆಯ ಕೆಲವು ಕಾಲೇಜುಗಳಲ್ಲಿ ವಿಕಿಪೀಡಿಯಕ್ಕೆ ವಿದ್ಯಾರ್ಥಿಗಳಿಂದ ಲೇಖನ ಬರೆಸುವ ಪ್ರಯೋಗ ನಡೆದು, ಅನೇಕರು ಬೇರೆಡೆಯ ಬರಹಗಳನ್ನು ಹಾಗೆಯೇ ನಕಲು ಮಾಡಿ ಹಾಕಿದ್ದರಿಂದ ಅದನ್ನು ನಿಲ್ಲಿಸಬೇಕಾಯಿತು. ವಿದ್ಯಾರ್ಥಿಗಳ ಸಂಖ್ಯೆ ಬಹಳ, ತಿದ್ದುವ ಅನುಭವಿಗಳು ಕೆಲವೇ ಮಂದಿ, ಅವಧಿಯ ಕೊನೆಗೆ ಅಂಕಗಳ ಆತುರ: ಇವು ಕೂಡಿದಲ್ಲಿ ಫಲ ಬೇರೆಯಾಗುವುದಿಲ್ಲ. ನಕಲಿಗೂ ಪ್ರತಿಗೂ ಇರುವ ಭೇದವನ್ನು ಯಾರೂ ಆ ವಿದ್ಯಾರ್ಥಿಗಳಿಗೆ ಮೊದಲೇ ತಿಳಿಸಿದಂತೆ ಕಾಣುವುದಿಲ್ಲ. ಲಿಪಿಕಾರನು ಅಕ್ಷರವನ್ನು ನೋಡಿ ಬರೆಯುತ್ತಿದ್ದನು. ಇವರು ನೋಡದೆಯೇ ಸಾಗಿಸಿದರು.

ಓಲೆಗರಿಯ ಓದನ್ನು ಈ ರೀತಿ ಕಲಿಸಹೊರಟರೆ ಇನ್ನಷ್ಟು ತೊಡಕುಗಳಿವೆ. ಗರಿಯಲ್ಲಿ ಪದಗಳ ನಡುವೆ ಅಂತರವಿಲ್ಲ. ಎಕಾರ ಏಕಾರಗಳಿಗೂ ಒಕಾರ ಓಕಾರಗಳಿಗೂ ಬರಹದಲ್ಲಿ ಭೇದವಿಲ್ಲ. ದಕಾರ ಧಕಾರಗಳೂ ಪಕಾರ ಷಕಾರಗಳೂ ಒಂದಕ್ಕೊಂದು ಮೋಸಮಾಡುತ್ತವೆ. ಕಂಠದಿಂದ ಕೊರೆದ ಗೆರೆಯೊಳಗೆ ಮಸಿ ನಿಲ್ಲದ ಕಡೆ, ಬೆಳಕನ್ನು ಓರೆಯಾಗಿ ಹಿಡಿದಾಗ ಮಾತ್ರ ಅಕ್ಷರ ಕಾಣುತ್ತದೆ. ಒಂದೇ ಕೋನದಿಂದ ತೆಗೆದ ಚಿತ್ರದಲ್ಲಿ ಅದು ಇಲ್ಲವೇ ಇಲ್ಲವೆನಿಸುವುದುಂಟು. ಆದುದರಿಂದ ನೂರಾರು ಮಂದಿಗೆ ಒಂದು ಉಪನ್ಯಾಸವೆಂಬ ಕ್ರಮ ಇಲ್ಲಿ ಸಲ್ಲದು. ಆರೇಳು ಮಂದಿಯ ಗುಂಪು, ಗುಂಪಿಗೊಬ್ಬ ಓದಬಲ್ಲ ಹಿರಿಯರು, ವಾರಕ್ಕೆ ಒಂದೇ ಗರಿ. ಪ್ರತಿಯೊಬ್ಬನೂ ಬೇರೆಯವರ ಓದನ್ನು ನೋಡದೆ ಮೊದಲು ತಾನು ಬರೆದುಕೊಂಡು, ಅನಂತರ ಎಲ್ಲರ ಪಾಠಗಳನ್ನೂ ಮುಂದಿಟ್ಟು ಭೇದವಿರುವಲ್ಲಿ ಚರ್ಚಿಸುವುದು. ವರ್ಷಕ್ಕೊಮ್ಮೆಯಾದರೂ ಭಂಡಾರಕ್ಕೆ ಹೋಗಿ ಅದೇ ಗರಿಯನ್ನು ಕಣ್ಣಾರೆ ನೋಡುವುದು. ಇಷ್ಟನ್ನು ನಡೆಸಲು ದೊಡ್ಡ ವೇದಿಕೆಯೇನೂ ಬೇಕಿಲ್ಲ. ಅಂಕ ಕೊಡಬೇಕೆಂದಿದ್ದರೆ, ಸರಿಯಾಗಿ ಓದಿದ್ದಕ್ಕಿಂತ ಇನ್ನೊಬ್ಬನ ತಪ್ಪನ್ನು ಕಾರಣಸಹಿತವಾಗಿ ತೋರಿಸಿದ್ದಕ್ಕೆ ಹೆಚ್ಚು ಕೊಡುವುದು ಲೇಸು. 2024ರ ಅಕ್ಟೋಬರಿನಲ್ಲಿ ಪ್ರಾಕೃತಕ್ಕೆ ಶಾಸ್ತ್ರೀಯ ಭಾಷೆಯ ಮಾನ್ಯತೆ ದೊರೆತಿರುವುದರಿಂದ, ಕನ್ನಡ ಲಿಪಿಯ ಪ್ರಾಕೃತ ಪ್ರತಿಗಳನ್ನು ಓದುವ ಗುಂಪುಗಳಿಗೂ ಇಂಥ ಏರ್ಪಾಡನ್ನು ಕೇಳುವ ಸಮಯ ಒದಗಿದೆ.

ಇನ್ನು ಅಕ್ಷರಗಳ ಮಾತು. ಗಣಕದಲ್ಲಿ ಹಳಗನ್ನಡವನ್ನು ಯಥಾವತ್ತಾಗಿ ದಾಖಲಿಸಲು ಱಕಾರ, ೞಕಾರಗಳೂ ಜಿಹ್ವಾಮೂಲೀಯ, ಉಪಧ್ಮಾನೀಯಗಳೂ ಯೂನಿಕೋಡ್ ಸಂಕೇತಪಟ್ಟಿಯಲ್ಲಿ ದೊರೆಯುತ್ತವೆ. ಪ್ರತಿಗಳಲ್ಲಿ ಹೆಜ್ಜೆಹೆಜ್ಜೆಗೂ ಕಾಣುವ ನಕಾರ ಪೊಲ್ಲು ಮಾತ್ರ 2021ರಲ್ಲಿ, ಪಟ್ಟಿಯ 14ನೆಯ ಆವೃತ್ತಿಯಲ್ಲಿ, ಸೇರಿತು. ಅದನ್ನು ತೋರಿಸಬಲ್ಲ ಅಕ್ಷರವಿನ್ಯಾಸವನ್ನು ವಿದ್ಯಾರ್ಥಿಗಳ ಯಂತ್ರಗಳಲ್ಲಿ ಮೊದಲೇ ಹಾಕಿಸಿಡದಿದ್ದರೆ ಅದರ ಸ್ಥಾನದಲ್ಲಿ ಬರಿಯ ಚೌಕವೊಂದು ಕಾಣಿಸಿಕೊಳ್ಳುತ್ತದೆ. ೞಕಾರದ ಕಥೆ ಇನ್ನೂ ಸ್ವಾರಸ್ಯಕರವಾದದ್ದು. ಪಟ್ಟಿಯನ್ನು ಸಿದ್ಧಪಡಿಸಿದವರು ಅದಕ್ಕೆ ಇಂಗ್ಲಿಷಿನ ಎಫ್ ಧ್ವನಿಯ ಹೆಸರನ್ನು ತಪ್ಪಾಗಿ ಕೊಟ್ಟುಬಿಟ್ಟರು. ಒಮ್ಮೆ ಪ್ರಕಟವಾದ ಹೆಸರನ್ನು ಬದಲಾಯಿಸಕೂಡದೆಂಬುದು ಅವರ ನಿಯಮ. ಆದಕಾರಣ ಮೂಲದಲ್ಲಿ ತಪ್ಪು ಹೆಸರು ಹಾಗೆಯೇ ನಿಂತಿದ್ದು, ಸರಿಯಾದ ಹೆಸರನ್ನು ಪಕ್ಕದಲ್ಲಿ ಉಪನಾಮವಾಗಿ ಬರೆದಿಟ್ಟಿದ್ದಾರೆ.