ಮೂವತ್ತನೆಯವನಾಗಿ ಬಂದದ್ದು ಯಾರು?



ಟಿ.ವಿ.ಯಲ್ಲಿ ಬರುವ ಡಬ್ಲ್ಯೂಡಬ್ಲ್ಯೂಇ ಕುಸ್ತಿಯ ವಿಷಯದಲ್ಲಿ ನಮ್ಮ ತರಗತಿಯಲ್ಲಿ ಎರಡು ಪಕ್ಷ ಇದೆ. ಒಂದು ಪಕ್ಷ ಅದೆಲ್ಲ ನಿಜ ಅನ್ನುತ್ತೆ. ಇನ್ನೊಂದು ಪಕ್ಷದಲ್ಲಿ ನಮ್ಮ ಮೇಷ್ಟ್ರುಗಳೂ ಇದ್ದಾರೆ. ಅದು ಮೊದಲೇ ಮಾತಾಡಿಕೊಂಡು ಆಡುವ ನಾಟಕ, ನೋಡಿ ಕೂಗಾಡೋರು ಪೆದ್ದರು ಅಂತ ಅವರ ವಾದ. ನಾಟಕ ಅನ್ನೋದು ನಿಜ. ಯಾರು ಗೆಲ್ಲಬೇಕೆಂದು ಕಂಪನಿಯವರು ಮೊದಲೇ ಬರೆದಿಟ್ಟಿರುತ್ತಾರೆ. 1989ರಲ್ಲೇ ಅಮೆರಿಕದ ನ್ಯೂಜೆರ್ಸಿ ರಾಜ್ಯದಲ್ಲಿ ಕಂಪನಿ ತನ್ನದು ಮನರಂಜನೆ ಎಂದು ಒಪ್ಪಿಕೊಂಡಿದೆ. ಆದರೆ ನೋಡೋರು ಪೆದ್ದರು ಎಂಬುದನ್ನು ನಾನು ಒಪ್ಪೋದಿಲ್ಲ. ಯಾಕೆ ಅಂತ ತಿಳಿಯಬೇಕಾದರೆ 2014ರ ರಾಯಲ್ ರಂಬಲ್ ಕಥೆ ಕೇಳಬೇಕು.

ಮೊದಲು ಪೇ ಪರ್ ವ್ಯೂ ಅಂದರೆ ಏನು ಅಂತ ಹೇಳಿಬಿಡ್ತೀನಿ. ವಾರವಾರದ ಕುಸ್ತಿ ಮಾಮೂಲು ವಾಹಿನಿಯಲ್ಲೇ ಬರುತ್ತಿತ್ತು. ದೊಡ್ಡ ಪಂದ್ಯಗಳ ರಾತ್ರಿ ಮಾತ್ರ ಅಮೆರಿಕದವರು ಆ ಒಂದು ಪ್ರದರ್ಶನಕ್ಕೇ ಅಂತ ಬೇರೆ ದುಡ್ಡು ಕಟ್ಟಬೇಕಿತ್ತು. 2014ರ ಫೆಬ್ರವರಿಯಲ್ಲಿ ಕಂಪನಿ ತಿಂಗಳಿಗೆ 9.99 ಡಾಲರಿನ ಸ್ವಂತ ಜಾಲ ಶುರು ಮಾಡಿತು. ನಾನು ಹೇಳುವ ಪ್ರದರ್ಶನ ಅದಕ್ಕಿಂತ ಒಂದು ತಿಂಗಳು ಮುಂಚಿನದು. ಮನೆಯಲ್ಲಿ ಕೂತು ನೋಡಿದವರೂ ಟಿಕೆಟ್ ಕೊಂಡವರ ಹಾಗೇ ಅಂದುಕೊಳ್ಳಿ.

ರಂಬಲ್ ಆಟದಲ್ಲಿ ಮೂವತ್ತು ಜನ. ಇಬ್ಬರಿಂದ ಶುರುವಾಗುತ್ತೆ. ಆಮೇಲೆ ಸುಮಾರು ಒಂದೂವರೆ ನಿಮಿಷಕ್ಕೊಬ್ಬ ಬರುತ್ತಾನೆ. ಯಾರು ಬರುತ್ತಾರೆ ಅಂತ ಜನಕ್ಕೆ ಗೊತ್ತಿರೋದಿಲ್ಲ, ಹತ್ತರಿಂದ ಕೆಳಗೆ ಎಲ್ಲರೂ ಒಟ್ಟಿಗೆ ಎಣಿಸುತ್ತಾರೆ. ಮೇಲಿನ ಹಗ್ಗ ದಾಟಿ ಹೊರಗೆ ಬಿದ್ದು ಎರಡು ಕಾಲೂ ನೆಲ ಮುಟ್ಟಿದರೆ ಅವನು ಔಟು. ಕೊನೆಗೆ ಉಳಿದವನಿಗೆ ರೆಸಲ್‌ಮೇನಿಯಾದಲ್ಲಿ ಚಾಂಪಿಯನ್ ಪಟ್ಟಕ್ಕೆ ಹೋರಾಡುವ ಅವಕಾಶ.

ಆ ದಿನಗಳಲ್ಲಿ ಜನರ ಪ್ರೀತಿಯೆಲ್ಲ ಡೇನಿಯಲ್ ಬ್ರಯಾನ್ ಮೇಲೆ. ಗಡ್ಡದ ಆಳು, ಕುಳ್ಳ, ಆದರೆ ಪಟ್ಟು ಬಲ್ಲವನು. ಅವನು ಎರಡು ಕೈಯ ತೋರುಬೆರಳು ಮೇಲೆತ್ತಿ ‘ಯೆಸ್! ಯೆಸ್!’ ಅಂದರೆ ಇಡೀ ಸಭೆ ಹಾಗೇ ಕೂಗುತ್ತಿತ್ತು. 2013ರ ಆಗಸ್ಟಿನ ಸಮ್ಮರ್‌ಸ್ಲಾಮ್‌ನಲ್ಲಿ ಜಾನ್ ಸೀನಾನನ್ನು ಸೋಲಿಸಿ ಪಟ್ಟ ಗೆದ್ದ. ಕೆಲವೇ ನಿಮಿಷದಲ್ಲಿ ಟ್ರಿಪಲ್ ಎಚ್ ಅವನನ್ನು ಕೆಡವಿದ, ಪಟ್ಟ ರ‍್ಯಾಂಡಿ ಆರ್ಟನ್ ಪಾಲಾಯಿತು. ಆಮೇಲೆ ಕಥೆಯೊಳಗಿನ ಯಜಮಾನರು ಬ್ರಯಾನ್‌ನನ್ನು ‘ಬಿ ಪ್ಲಸ್’ ಅಂತ ಕರೆದರು. (ನಮ್ಮಲ್ಲಿ ಬಿ ಪ್ಲಸ್ ಬಂದರೆ ಮನೆಯಲ್ಲಿ ಪಾಯಸ ಮಾಡ್ತಾರೆ, ಅದು ಬೇರೆ ಮಾತು.) ಇದು ಕಥೆಯ ಮಾತೇ. ಆದರೆ ಕಂಪನಿಯವರ ಮನಸ್ಸಿನಲ್ಲೂ ಇದೇ ಇದೆ ಎಂದು ಅಭಿಮಾನಿಗಳಿಗೆ ಅನ್ನಿಸಿತು. ಗಂಟು ಬಿದ್ದದ್ದು ಅಲ್ಲೇ.

2014ರ ಜನವರಿ 26, ಪಿಟ್ಸ್‌ಬರ್ಗ್ ನಗರ. ಮೊದಲ ಪಂದ್ಯದಲ್ಲೇ ಬ್ರಯಾನ್ ಬ್ರೇ ವಯಾಟ್ ಎದುರು ಸೋತ. ಸೋತರೂ ಪಂದ್ಯ ಚೆನ್ನಾಗಿತ್ತು, ಅದನ್ನು ಎಲ್ಲರೂ ಒಪ್ಪಿದರು. ಆಮೇಲೆ ಆರ್ಟನ್ ಮತ್ತು ಸೀನಾ ಪಟ್ಟಕ್ಕಾಗಿ ಹೊಡೆದಾಡುತ್ತಿದ್ದರೆ ಜನ ಅವರಿಬ್ಬರನ್ನೂ ಬಿಟ್ಟು ಬ್ರಯಾನ್ ಹೆಸರು ಕೂಗಿದರು. ರಂಬಲ್ ಶುರುವಾಯಿತು. ಹತ್ತು, ಇಪ್ಪತ್ತು, ಇಪ್ಪತ್ತೊಂಬತ್ತು. ಮೂವತ್ತನೆಯವನು ಬ್ರಯಾನೇ ಇರಬೇಕು ಅಂತ ಎಲ್ಲರೂ ಕಾದರು. ಬಂದದ್ದು ಮುಖವಾಡದ ರೇ ಮಿಸ್ಟೀರಿಯೋ!

ಜನ ‘ಬೂ’ ಅಂತ ಕೂಗಿದರು. ನಾವು ಹೋ ಅಂತ ಕೂಗ್ತೀವಲ್ಲ, ಅಲ್ಲಿನವರ ಛೀಮಾರಿ ಅದು. ಪಾಪ, ರೇ ಮಿಸ್ಟೀರಿಯೋ ಅಂದರೆ ಮಕ್ಕಳಿಗೆ ಪ್ರಾಣ. ಅವನನ್ನು ಕಂಡು ಜನ ಹಾಗೆ ಕೂಗಿದ್ದು ಅವನ ಮೇಲಿನ ಸಿಟ್ಟಿನಿಂದಲ್ಲ, ಅವನು ಬ್ರಯಾನ್ ಅಲ್ಲ ಅನ್ನೋ ಒಂದೇ ಕಾರಣಕ್ಕೆ. ಕೊನೆಗೆ ಉಳಿದವರು ಬಟಿಸ್ಟಾ ಮತ್ತು ರೋಮನ್ ರೈನ್ಸ್. ಬಟಿಸ್ಟಾ 2010ರಲ್ಲಿ ಬಿಟ್ಟುಹೋಗಿ ಆ ವಾರವಷ್ಟೇ ವಾಪಸು ಬಂದಿದ್ದ. ಅವನೇ ಗೆದ್ದ. ಗೆದ್ದವನು ಮೇಲೆ ತೂಗುಹಾಕಿದ್ದ ರೆಸಲ್‌ಮೇನಿಯಾ ಫಲಕದ ಕಡೆ ಬೆರಳು ತೋರಿಸುತ್ತಿದ್ದರೆ ಕೆಳಗಿಂದ ಬರೀ ಬೂ.

ಎಲ್ಲರಿಗೂ ಒಂದೇ ಥರ ಅನ್ನಿಸಿತು ಅಂತಲ್ಲ. ಹನ್ನೆರಡು ಜನರನ್ನು ಹೊರಗೆಸೆದು ಕೇನ್‌ನ 2001ರ ದಾಖಲೆ ಮುರಿದ ರೈನ್ಸ್‌ನನ್ನು ಕಂಡು ಖುಷಿಪಟ್ಟವರು ಬೇಕಾದಷ್ಟು. ಬಟಿಸ್ಟಾನ ಹಳೇ ಅಭಿಮಾನಿಗಳಿಗೆ ಹಬ್ಬ. ಕಾಯಿಸಿ ಕೊಟ್ಟರೇ ರುಚಿ, ಬ್ರಯಾನ್‌ನನ್ನು ಮುಂದೆ ಗೆಲ್ಲಿಸೋದಕ್ಕೇ ಈಗ ಸೋಲಿಸಿದ್ದಾರೆ ಎಂದವರೂ ಇದ್ದರು. ಈ ಕೊನೇ ಮಾತು ಕೇಳೋಕೆ ಚೆನ್ನಾಗಿದೆ, ನನಗೆ ಮಾತ್ರ ನಂಬಿಕೆ ಬರೋದಿಲ್ಲ. ಬರೆದವರಿಗೆ ಅಂಥ ಯೋಚನೆ ಇದ್ದಿದ್ದರೆ ಗೆದ್ದ ಬಟಿಸ್ಟಾನನ್ನು ಒಳ್ಳೆಯವನಂತೆ ಯಾಕೆ ತೋರಿಸುತ್ತಿದ್ದರು?

ಈಗ ಮೇಷ್ಟ್ರುಗಳ ಪ್ರಶ್ನೆ. ನಾಟಕ ಅಂತ ಗೊತ್ತಿದ್ದೂ ಸಿಟ್ಟು ಯಾಕೆ? ನಮ್ಮೂರ ಕುರುಕ್ಷೇತ್ರ ನಾಟಕ ನೆನಪು ಮಾಡಿಕೊಳ್ಳಿ. ಅಲ್ಲಿ ಶಿಳ್ಳೆ ಜಾಸ್ತಿ ಬೀಳೋದು ದುರ್ಯೋಧನನಿಗೇ. ಆದರೂ ಅವನು ತೊಡೆ ಮುರಿದು ಬಿದ್ದಾಗ ಯಾರೂ ಜಗಳಕ್ಕೆ ನಿಲ್ಲೋದಿಲ್ಲ, ಯಾಕಂದ್ರೆ ಆ ಕಥೆ ವ್ಯಾಸರ ಕಾಲದಲ್ಲೇ ಮುಗಿದಿದೆ. ಈ ಕುಸ್ತಿಯ ಕಥೆ ಹಾಗಲ್ಲ. ಅದು ವಾರವಾರ ಹುಟ್ಟುತ್ತೆ, ಮುಂದಿನ ಪುಟ ಖಾಲಿ ಇರುತ್ತೆ. ಕೂಗಿದರೆ ಬದಲಾದೀತು ಎಂದು ಜನಕ್ಕೆ ಗೊತ್ತು. ಅವರು ಕೂಗಿದ್ದು ಬಟಿಸ್ಟಾನಿಗಲ್ಲ, ಪರದೆಯ ಹಿಂದೆ ಬರೆಯುತ್ತಾ ಕೂತವರಿಗೆ.

ಬದಲಾಗಿಯೂ ಬಿಟ್ಟಿತು. ಆ ರಂಬಲ್‌ನಲ್ಲಿ ಮೊದಲನೆಯವನಾಗಿ ಬಂದಿದ್ದ ಸಿಎಂ ಪಂಕ್ ಮಾರನೇ ದಿನವೇ ಕಂಪನಿ ಬಿಟ್ಟು ಹೋಗಿದ್ದ, ಅದೂ ಒಂದು ಕಾರಣ. ಮಾರ್ಚ್ 10ರಂದು ಮೆಂಫಿಸ್‌ನಲ್ಲಿ ಬ್ರಯಾನ್ ಯೆಸ್ ಅಂಗಿ ತೊಟ್ಟ ಜನರನ್ನು ರಿಂಗಿನ ತುಂಬ ಕರೆತಂದು ಕೂತ. ಏಪ್ರಿಲ್ 6ರಂದು ನ್ಯೂ ಆರ್ಲಿಯನ್ಸ್‌ನ ರೆಸಲ್‌ಮೇನಿಯಾದಲ್ಲಿ ಮೊದಲು ಟ್ರಿಪಲ್ ಎಚ್‌ನನ್ನು ಸೋಲಿಸಿದ. ಅದೇ ರಾತ್ರಿ ಆರ್ಟನ್ ಮತ್ತು ಬಟಿಸ್ಟಾ ಇಬ್ಬರ ಎದುರೂ ನಿಂತು, ಬಟಿಸ್ಟಾನೇ ಸೋಲೊಪ್ಪುವಂತೆ ಪಟ್ಟು ಹಾಕಿ ಚಾಂಪಿಯನ್ ಆದ.

ಗೆಲುವು ಬರೆದದ್ದಾದರೂ ಪೆಟ್ಟು ಬರೆದದ್ದಲ್ಲ. ಮೇ ತಿಂಗಳಲ್ಲಿ ಅವನ ಕತ್ತಿಗೆ ಶಸ್ತ್ರಚಿಕಿತ್ಸೆ ಆಯಿತು, ಜೂನ್‌ನಲ್ಲಿ ಪಟ್ಟ ಬಿಟ್ಟುಕೊಡಬೇಕಾಯಿತು. (ಬಾವಿಕಟ್ಟೆ ಹತ್ತಿರ ಒಬ್ಬರ ಮೇಲೊಬ್ಬರು ಜಿಗಿಯುವ ಆರನೇ ತರಗತಿಯವರು ಇದನ್ನು ಎರಡು ಸಲ ಓದಿ.)

2015ರ ಜನವರಿ 25ರಂದು ಫಿಲಡೆಲ್ಫಿಯಾದಲ್ಲಿ ಮತ್ತೆ ರಂಬಲ್. ಈ ಸಲ ಬ್ರಯಾನ್ ಇದ್ದ, ಆದರೆ ಬೇಗ ಹೊರಗೆ ಬಿದ್ದ. ಗೆದ್ದವನು ರೋಮನ್ ರೈನ್ಸ್. ಹಿಂದಿನ ವರ್ಷ ಬಟಿಸ್ಟಾ ಬೇಡ, ಇವನೇ ಗೆಲ್ಲಲಿ ಅಂತ ಜನ ಕೂಗಿದ್ದು ಇದೇ ರೈನ್ಸ್‌ಗಾಗಿ. ಈಗ ಅವನಿಗೂ ಬೂ. ರಾಕ್ ಓಡಿ ಬಂದು ಅವನ ಕೈ ಮೇಲೆತ್ತಿ ಹಿಡಿದ. ಕೂಗು ನಿಲ್ಲಲಿಲ್ಲ. ರಾಕ್ ಏನಾಗ್ತಿದೆ ಅಂತ ತಿಳಿಯದವನಂತೆ ಸುತ್ತ ಜನರ ಕಡೆ ನೋಡುತ್ತಾ ನಿಂತಿದ್ದ.